ಬಿ.ಎ. ಓದುವವರ ಗಣಿತ: ಮೊದಲ ಪುಟದಲ್ಲಿ ಬರೆದುಕೊಳ್ಳಬೇಕಾದ ಒಂದು ಪ್ರಶ್ನೆ

ನೂರು ಕಿಲೋ ಹಸಿ ಮೀನು ಇದೆ. ಅದರಲ್ಲಿ ಶೇಕಡಾ 75 ನೀರು. ಬಿಸಿಲಿಗೆ ಹಾಕಿದಿರಿ. ನೀರಿನ ಪಾಲು ಶೇಕಡಾ 50ಕ್ಕೆ ಇಳಿದಾಗ ಮೀನಿನ ತೂಕ ಎಷ್ಟಾಗುತ್ತದೆ?

ಓಪನ್ ಇಲೆಕ್ಟಿವ್ ಗಣಿತ, ಅಂದರೆ ಬೇರೆ ವಿಷಯ ಓದುವವರೂ ಆಯ್ದುಕೊಳ್ಳಬಹುದಾದ ಗಣಿತದ ಪೇಪರ್. ಅದರ ಮೊದಲ ಕ್ಲಾಸಿನಲ್ಲಿ ನಾನು ಬೋರ್ಡಿನ ಮೇಲೆ ಬರೆಯುವುದು ಈ ಲೆಕ್ಕ. ಕುಮಟಾದ ಕಾಲೇಜು. ಎದುರಿಗೆ ಕೂತವರು ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ಓದುವ ಮಕ್ಕಳು. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಗಣಿತದ ಪುಸ್ತಕ ಅಟ್ಟಕ್ಕೆ ಹಾಕಿದವರು. ಹೆಚ್ಚಿನವರು ‘75 ಕಿಲೋ’ ಅನ್ನುತ್ತಾರೆ. ನೂರರಲ್ಲಿ ಇಪ್ಪತ್ತೈದು ಕಳೆದರೆ ಎಪ್ಪತ್ತೈದು, ಅಲ್ವಾ?

ಒಂದು ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಹೊನ್ನಾವರದ ಕಡೆಯವಳು. ಮನೆಯಲ್ಲಿ ಮೀನು ಒಣಗಿಸುವ ಕೆಲಸ. “ಇಲ್ಲ ಮೇಡಂ, ಅಷ್ಟೆಲ್ಲ ಉಳಿಯೋದಿಲ್ಲ. ಅಷ್ಟು ತೂಕ ಇದ್ರೆ ಅದಿನ್ನೂ ಹಸಿ ಅಂತಲೇ ಲೆಕ್ಕ” ಎಂದಳು. ಮತ್ತೆ ಎಷ್ಟು ಅಂತ ಕೇಳಿದೆ. “ಅರ್ಧ ಇರಬಹುದು.”

ಅವಳು ಹೇಳಿದ್ದೇ ಸರಿ. ನೂರು ಕಿಲೋದಲ್ಲಿ ನೀರಲ್ಲದ ಭಾಗ 25 ಕಿಲೋ. ಬಿಸಿಲಿಗೆ ನೀರು ಹೋಗುತ್ತದೆ, ಈ 25 ಕಿಲೋ ಹೋಗುವುದಿಲ್ಲ. ಒಣಗಿದ ಮೇಲೆ ನೀರು ಅರ್ಧ ಅಂದರೆ, ಉಳಿದರ್ಧ ಈ 25 ಕಿಲೋ. ಹಾಗಾದರೆ ಒಟ್ಟು 50 ಕಿಲೋ. ಮೊದಲಿನ 75 ಅನ್ನುವುದು ನೂರು ಕಿಲೋದ ಮೇಲಿನ ಶೇಕಡಾ. ಆಮೇಲಿನ 50 ಅನ್ನುವುದು ಬೇರೆಯೇ ತೂಕದ ಮೇಲಿನ ಶೇಕಡಾ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಕಳೆದರೆ ಉತ್ತರ ತಪ್ಪುತ್ತದೆ.

ಆ ದಿನ ಎಲ್ಲರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ಸಾಲು ಬರೆಸುತ್ತೇನೆ: ಯಾವುದರ ಮೇಲೆ?

ನೀವು ಗಣಿತವೇ ಬೇಡ ಅಂತ ಬಿ.ಎ.ಗೆ ಸೇರಿ, ಈಗ ಈ ಪೇಪರ್ ತಗೊಂಡು ಕೂತಿದ್ದರೆ ಈ ಬರಹ ನಿಮಗೆ. ನಮ್ಮಲ್ಲಿ 2021-22ರಿಂದ ಓಪನ್ ಇಲೆಕ್ಟಿವ್ ಬಂದ ಮೇಲೆ ನನ್ನ ಕ್ಲಾಸಿಗೆ ಇಂಥವರು ಬರತೊಡಗಿದರು. ಅದಕ್ಕೂ ಮೊದಲು ಬಿ.ಎಸ್ಸಿ. ಮಕ್ಕಳಿಗೆ ಮಾತ್ರ ಪಾಠ ಮಾಡುತ್ತಿದ್ದೆ. ಸಿಲಬಸ್ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಆದರೂ ಇಂಥ ಪೇಪರಿನಲ್ಲಿ ಸಾಮಾನ್ಯವಾಗಿ ಇರುವುದು ಶೇಕಡಾ, ಬಡ್ಡಿ, ಸರಾಸರಿ, ಸಂಭವನೀಯತೆ, ಗಣಗಳು, ಸ್ವಲ್ಪ ತರ್ಕ, ಕೆಲವು ಕಡೆ ಗ್ರಾಫ್ ಮತ್ತು ಮತ ಎಣಿಕೆ. ಕ್ಯಾಲ್ಕುಲಸ್ ಸಾಮಾನ್ಯವಾಗಿ ಇರುವುದಿಲ್ಲ. ಅದರ ಹೆದರಿಕೆ ಬಿಡಿ.

ಶೇಕಡಾ

ಅಡಿಕೆ ದರದಿಂದ ಶುರು ಮಾಡಿ. ಕ್ವಿಂಟಲ್‌ಗೆ 40,000 ಇದ್ದ ದರ ಶೇಕಡಾ 25 ಏರಿತು ಅಂತಿಟ್ಟುಕೊಳ್ಳಿ. 50,000 ಆಯಿತು. ಆಮೇಲೆ ಶೇಕಡಾ 20 ಇಳಿಯಿತು. ಎಷ್ಟಾಯಿತು? ಮತ್ತೆ 40,000. ಏರಿದ್ದು 25, ಇಳಿದದ್ದು 20, ಆದರೂ ಇನ್ನೂ 5 ಲಾಭ ಉಳಿದಿಲ್ಲ. ಏರಿಕೆ ನಲವತ್ತು ಸಾವಿರದ ಮೇಲೆ, ಇಳಿಕೆ ಐವತ್ತು ಸಾವಿರದ ಮೇಲೆ.

ಇದನ್ನು ಓದಿ ತಲೆಯಾಡಿಸಿ ಮುಂದೆ ಹೋಗಬೇಡಿ. ಪೆನ್ನು ಹಿಡಿದು ಬೇರೆ ಸಂಖ್ಯೆ ಹಾಕಿ ಐದು ಸಲ ಮಾಡಿ. ಪ್ರತಿ ಶೇಕಡಾದ ಪಕ್ಕ, ಅದು ಯಾವುದರ ಮೇಲೆ ಅಂತ ಕನ್ನಡದಲ್ಲಿ ಎರಡು ಶಬ್ದ ಬರೆಯಿರಿ. ‘ಹಳೇ ದರದ ಮೇಲೆ’, ‘ಹೊಸ ದರದ ಮೇಲೆ’. ಪರೀಕ್ಷೆಯಲ್ಲೂ ಹಾಗೇ ಬರೆಯಿರಿ. ಉತ್ತರ ತಿದ್ದುವವರಿಗೆ ನೀವು ಏನು ಯೋಚಿಸಿದ್ದೀರಿ ಅಂತ ಅಲ್ಲೇ ಕಾಣುತ್ತದೆ.

ಬಡ್ಡಿಗೆ ಎರಡು ವಾರ ಕೊಡಿ

ಬೇರೆ ಯಾವ ಪಾಠ ಅವಸರದಲ್ಲಿ ಮುಗಿಸಿದರೂ ಇದನ್ನು ಮುಗಿಸಬೇಡಿ. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ತಮ್ಮ ಒಂದು ಕಡೆ ಬೈಕಿಗೆ ಸಾಲ ಮಾಡಿದ. “ವರ್ಷಕ್ಕೆ ಶೇಕಡಾ 12 ಅಷ್ಟೇ” ಅಂದರಂತೆ. ಅವನು ಸಹಿ ಹಾಕಿ ಬಂದ. ಮೂರು ತಿಂಗಳು ಕಂತು ಕಟ್ಟಿದ ಮೇಲೆ ಕಾಗದ ನನ್ನ ಕೈಗೆ ಬಂತು. ನಾನು ಗಣಿತ ಕಲಿಸುವವಳು, ಅವನು ಸಹಿ ಹಾಕುವ ಮುಂಚೆ ಆ ಕಾಗದ ನೋಡಬೇಕಿತ್ತು. ಆ ಬೇಜಾರು ಇವತ್ತಿಗೂ ಇದೆ. ಅಂದಿನಿಂದ ಈ ಲೆಕ್ಕವನ್ನು ನಾನು ಪ್ರತಿ ಬ್ಯಾಚಿಗೂ ಕೈಯಾರೆ ಮಾಡಿಸುತ್ತೇನೆ.

ಸಣ್ಣ ಸಂಖ್ಯೆ ತಗೊಳ್ಳಿ. ಸಾಲ 12,000. ಹನ್ನೆರಡು ತಿಂಗಳಲ್ಲಿ ತೀರಿಸಬೇಕು. ತಿಂಗಳಿಗೆ ಅಸಲು 1,000. ಬಡ್ಡಿ ವರ್ಷಕ್ಕೆ 12, ಅಂದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ.

ಉದ್ದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ತಿಂಗಳು, ಉಳಿದ ಅಸಲು, ಆ ತಿಂಗಳ ಬಡ್ಡಿ. ಮೊದಲ ತಿಂಗಳು ನಿಮ್ಮ ಹತ್ತಿರ ಇದ್ದ ಸಾಲ 12,000, ಬಡ್ಡಿ 120. ಸಾವಿರ ಕಟ್ಟಿದಿರಿ. ಎರಡನೇ ತಿಂಗಳು ಉಳಿದದ್ದು 11,000, ಬಡ್ಡಿ 110. ಮೂರನೇ ತಿಂಗಳು 10,000, ಬಡ್ಡಿ 100. ಹೀಗೇ ಕೆಳಗೆ ಇಳಿಯುತ್ತಾ ಹೋಗಿ. ಹನ್ನೆರಡನೇ ತಿಂಗಳು ಉಳಿದದ್ದು 1,000, ಬಡ್ಡಿ ಬರೀ 10. ಮೂರನೇ ಕಾಲಂ ಕೂಡಿಸಿ. 780 ರೂಪಾಯಿ ಬರುತ್ತದೆ.

ಈಗ ಇನ್ನೊಂದು ರೀತಿ. 12,000ದ ಮೇಲೆ ಶೇಕಡಾ 12, ಒಂದು ವರ್ಷಕ್ಕೆ, ಒಟ್ಟಾಗಿ. 1,440 ರೂಪಾಯಿ. ಅದನ್ನು ಹನ್ನೆರಡು ಕಂತಿಗೆ ಹಂಚಿಬಿಡುತ್ತಾರೆ. ಇದಕ್ಕೆ ಫ್ಲ್ಯಾಟ್ ರೇಟ್ ಅನ್ನುತ್ತಾರೆ. ತಮ್ಮನ ಕಾಗದದಲ್ಲಿ ಇದ್ದದ್ದು ಇದೇ. ಮೊದಲನೆಯದು ರೆಡ್ಯೂಸಿಂಗ್ ಬ್ಯಾಲೆನ್ಸ್. ಎರಡರಲ್ಲೂ ಬಾಯಲ್ಲಿ ಹೇಳುವ ದರ ‘ಹನ್ನೆರಡು’. ಆದರೆ ಫ್ಲ್ಯಾಟ್ ಲೆಕ್ಕದಲ್ಲಿ ನೀವು ಆಗಲೇ ವಾಪಸ್ ಕೊಟ್ಟ ದುಡ್ಡಿನ ಮೇಲೂ ಕೊನೆಯ ತಿಂಗಳವರೆಗೆ ಬಡ್ಡಿ ಕಟ್ಟುತ್ತೀರಿ.

ದೊಡ್ಡ ಮೊತ್ತಕ್ಕೆ ಹೇಳುವುದಾದರೆ, ಒಂದು ಲಕ್ಷ, ಮೂರು ವರ್ಷ, ಶೇಕಡಾ 10. ಫ್ಲ್ಯಾಟ್ ಆದರೆ ತಿಂಗಳ ಕಂತು ಸುಮಾರು 3,611. ಉಳಿದ ಅಸಲಿನ ಮೇಲೆ ಆದರೆ ಸುಮಾರು 3,227. ಆ 3,611ರ ಕಂತನ್ನು ಉಳಿದ ಅಸಲಿನ ಲೆಕ್ಕಕ್ಕೆ ತಿರುಗಿಸಿದರೆ ದರ ಹೆಚ್ಚುಕಡಿಮೆ 18 ಆಗುತ್ತದೆ. ಕಂತಿನ ಸೂತ್ರ ಪುಸ್ತಕದಲ್ಲಿ ಇದೆ, ನೋಡಲು ಉದ್ದ. ಆದರೆ ಮೂರು ಕಾಲಮ್ಮಿನ ಪಟ್ಟಿಯನ್ನು ಒಮ್ಮೆ ಕೈಯಿಂದ ಮಾಡಿದವರಿಗೆ ಆ ಸೂತ್ರ ಏನು ಮಾಡುತ್ತಿದೆ ಅಂತ ಗೊತ್ತಿರುತ್ತದೆ. ಮಾಡದೇ ಬಾಯಿಪಾಠ ಹೊಡೆದವರಿಗೆ ಪರೀಕ್ಷೆ ದಿನ ಮರೆತುಹೋಗುತ್ತದೆ.

ಊರಲ್ಲಿ ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಅಂತಾರಲ್ಲ, ಅದು ತಿಂಗಳಿಗೆ. ವರ್ಷಕ್ಕೆ 24. ಬಡ್ಡಿ ಕಟ್ಟದೇ ಬಿಟ್ಟು ಅದೂ ಅಸಲಿಗೆ ಸೇರುತ್ತಾ ಹೋದರೆ ವರ್ಷದ ಕೊನೆಗೆ 26.82. ಸರಳ ಬಡ್ಡಿ, ಚಕ್ರಬಡ್ಡಿ ಎರಡೂ ಪಾಠ ಈ ಒಂದು ಮಾತಿನಲ್ಲೇ ಇವೆ. ಸರಳ ಬಡ್ಡಿ ಯಾವಾಗಲೂ ಮೊದಲಿನ ಅಸಲಿನ ಮೇಲೆ. ಚಕ್ರಬಡ್ಡಿ ಇಲ್ಲಿವರೆಗೆ ಬೆಳೆದು ನಿಂತ ಮೊತ್ತದ ಮೇಲೆ.

ಸರಾಸರಿ ಮತ್ತು ಅಪ್ಪನ ಚೀಟಿ

ನನ್ನ ತವರು ಶಿರಸಿ ಹತ್ತಿರದ ಹಳ್ಳಿ. ಅಪ್ಪ ಅಡಿಕೆ ಮಾರಿ ಬಂದ ದಿನ ಚೀಟಿ ಹಿಡಿದು ದೀಪದ ಹತ್ತಿರ ಕೂರುತ್ತಿದ್ದರು. ಅಡಿಕೆಯ ಬಗೆಗೊಂದು ದರ: ರಾಶಿಗೆ ಒಂದು, ಚಾಲಿಗೆ ಒಂದು, ಬೆಟ್ಟೆಗೆ ಮತ್ತೊಂದು. “ತಂಗೀ, ಸರಾಸರಿ ಎಷ್ಟು ಬಿತ್ತು ನೋಡು” ಅನ್ನುತ್ತಿದ್ದರು. ನಾನು ದರಗಳನ್ನು ಕೂಡಿಸಿ ಭಾಗಿಸಿ ಹೇಳುತ್ತಿದ್ದೆ. ಅಪ್ಪ ತಲೆ ಅಲ್ಲಾಡಿಸಿ, “ತೂಕ ಎಲ್ಲಿ ಹೋಯ್ತು?” ಅನ್ನುತ್ತಿದ್ದರು.

ಲೆಕ್ಕಕ್ಕೆ ಅಂತ ಒಂದು ದರ ಇಡುತ್ತೇನೆ. ರಾಶಿ 2 ಕ್ವಿಂಟಲ್, 48,000 ದರ. ಚಾಲಿ 8 ಕ್ವಿಂಟಲ್, 38,000 ದರ. ದರ ಕೂಡಿಸಿ ಎರಡರಿಂದ ಭಾಗಿಸಿದರೆ 43,000. ಆದರೆ ಕೈಗೆ ಬಂದದ್ದು ಎಷ್ಟು? 96,000 ಮತ್ತು 3,04,000, ಒಟ್ಟು ನಾಲ್ಕು ಲಕ್ಷ. ಹತ್ತು ಕ್ವಿಂಟಲ್ಲಿಗೆ ನಾಲ್ಕು ಲಕ್ಷ ಅಂದರೆ ಕ್ವಿಂಟಲ್ಲಿಗೆ 40,000. ಇದಕ್ಕೆ ಪುಸ್ತಕದಲ್ಲಿ ತೂಕದ ಸರಾಸರಿ ಅಂತಲೇ ಹೆಸರು. ಅಪ್ಪ ಕೇಳಿದ್ದೂ ತೂಕವನ್ನೇ.

ಇದೇ ಜಾಗದಲ್ಲಿ ಮಧ್ಯಾಂಕ, ಬಹುಲಕ ಕಲಿತುಬಿಡಿ. ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟರೆ ನಡುವೆ ಬರುವುದು ಮಧ್ಯಾಂಕ. ಮಾರುಕಟ್ಟೆ ವರದಿಯಲ್ಲಿ ಕನಿಷ್ಠ, ಗರಿಷ್ಠ ದರದ ಜೊತೆ ಮೋಡಲ್ ದರ ಅಂತ ಒಂದಿರುತ್ತದೆ. ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು. ಬಹುಲಕ ಅಂದರೆ ಅದೇ. ಯಾರೋ ಒಬ್ಬರ ಒಂದು ಚೀಲ ಭಾರಿ ದರಕ್ಕೆ ಹೋದರೆ ಗರಿಷ್ಠ ದರ ಏರುತ್ತದೆ, ಬಹುಲಕ ಅಲ್ಲಾಡುವುದಿಲ್ಲ.

ಇನ್ನೊಂದು ಲೆಕ್ಕ, ಬಸ್ಸಿನದು. ಕುಮಟಾದಿಂದ ಶಿರಸಿಗೆ ಸುಮಾರು 60 ಕಿ.ಮೀ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಿ ಹೋಗುವಾಗ ಗಂಟೆಗೆ 20, ಬರುವಾಗ ಗಂಟೆಗೆ 30 ಅಂತಿಟ್ಟುಕೊಳ್ಳಿ. ಸರಾಸರಿ ವೇಗ 25 ಅಲ್ಲ. ಹೋಗಲು ಮೂರು ಗಂಟೆ, ಬರಲು ಎರಡು. 120 ಕಿ.ಮೀ. ಐದು ಗಂಟೆ. 24. ಒಂದೇ ಅಂಕಿ ವ್ಯತ್ಯಾಸ, ಆದರೆ ಪರೀಕ್ಷೆಯಲ್ಲಿ ಅದಕ್ಕೇ ಮಾರ್ಕು.

ಸಂಭವನೀಯತೆ: ತಲೆ ಎಣಿಸಿ

ಇಲ್ಲಿ ಮಕ್ಕಳು ಸೂತ್ರ ನೋಡಿಯೇ ಹೆದರುತ್ತಾರೆ. ನನ್ನ ಸಲಹೆ, ಶೇಕಡಾ ಬಿಟ್ಟು ಜನರನ್ನು ಎಣಿಸಿ.

ಒಂದು ಕಾಯಿಲೆ ನೂರರಲ್ಲಿ ಒಬ್ಬರಿಗಿದೆ ಅಂತಿಟ್ಟುಕೊಳ್ಳಿ. ರಕ್ತ ಪರೀಕ್ಷೆ, ಕಾಯಿಲೆ ಇರುವವರಲ್ಲಿ ಶೇಕಡಾ 90 ಜನರನ್ನು ಹಿಡಿಯುತ್ತದೆ. ಇಲ್ಲದವರಲ್ಲೂ ಶೇಕಡಾ 5 ಜನರಿಗೆ ತಪ್ಪಾಗಿ ‘ಇದೆ’ ಅನ್ನುತ್ತದೆ. ನಿಮಗೆ ‘ಇದೆ’ ಅಂತ ಬಂತು. ನಿಜಕ್ಕೂ ಇರುವ ಸಾಧ್ಯತೆ ಎಷ್ಟು? ಕ್ಲಾಸಿನಲ್ಲಿ ಎಲ್ಲರೂ 90 ಅನ್ನುತ್ತಾರೆ.

ಹತ್ತು ಸಾವಿರ ಜನ ಇರುವ ಊರು ತಗೊಳ್ಳಿ. ಕಾಯಿಲೆ ಇರುವವರು 100. ಅದರಲ್ಲಿ ಸಿಕ್ಕವರು 90. ಇಲ್ಲದವರು 9,900. ಅದರಲ್ಲಿ ತಪ್ಪಾಗಿ ಸಿಕ್ಕವರು 495. ‘ಇದೆ’ ಅಂತ ಚೀಟಿ ಹಿಡಿದು ನಿಂತವರು ಒಟ್ಟು 585. ಅವರಲ್ಲಿ ನಿಜವಾದವರು 90. ಅಂದರೆ ನೂರಕ್ಕೆ ಸುಮಾರು 15. ಆ 90 ಅನ್ನುವುದು ಕಾಯಿಲೆ ಇರುವವರ ಮೇಲಿನ ಶೇಕಡಾ. ನಿಮಗೆ ಬೇಕಿರುವುದು ಚೀಟಿ ಹಿಡಿದವರ ಮೇಲಿನದು.

ಇಂಥ ಚೀಟಿ ಬಂದಾಗ ಇನ್ನೊಂದು ಪರೀಕ್ಷೆ ಯಾಕೆ ಮಾಡಿಸುತ್ತಾರೆ ಅಂತ ಈಗ ಅರ್ಥವಾಯಿತಲ್ವಾ? ಎರಡನೇ ಪರೀಕ್ಷೆ ಆ 585 ಜನರ ಮೇಲೆ ನಡೆಯುತ್ತದೆ, ಹತ್ತು ಸಾವಿರದ ಮೇಲೆ ಅಲ್ಲ.

ಗಣಗಳ ಪಾಠಕ್ಕೆ ಜಾಸ್ತಿ ಹೊತ್ತು ಬೇಡ. ನಮ್ಮ ಕರಾವಳಿಯ ಯಾವ ಕ್ಲಾಸಿನಲ್ಲಾದರೂ ಮನೆಮಾತು ಕೇಳಿ ಎರಡು ವೃತ್ತ ಬರೆಯಿರಿ. 50 ಮಕ್ಕಳಲ್ಲಿ ಮನೆಯಲ್ಲಿ ಕೊಂಕಣಿ ಆಡುವವರು 32, ಕನ್ನಡ ಆಡುವವರು 27, ಎರಡೂ ಆಡುವವರು 12. ಒಟ್ಟು 47, ಉಳಿದ ಮೂವರು ಎರಡೂ ವೃತ್ತದ ಹೊರಗೆ. 12 ಜನರನ್ನು ಎರಡು ಸಲ ಎಣಿಸಿದ್ದೇವೆ, ಅದಕ್ಕೇ ಒಮ್ಮೆ ಕಳೆಯಬೇಕು. ಅಷ್ಟೇ ಪಾಠ.

ರಾಜ್ಯಶಾಸ್ತ್ರದವರಿಗೆ ಒಂದು ಲೆಕ್ಕ

ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ಶಾಸಕರ ಒಂದು ಮತಕ್ಕೆ 131 ಬೆಲೆ. ಎಲ್ಲಿಂದ ಬಂತು ಈ 131? ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಬೇಕು. ನನ್ನ ಮಕ್ಕಳು 2011ರ ಜನಗಣತಿಯ 6.11 ಕೋಟಿ ತಗೊಂಡು ಮಾಡುತ್ತಾರೆ. 273 ಬರುತ್ತದೆ. ತಪ್ಪೆಲ್ಲಿ ಅಂತ ಹುಡುಕುತ್ತಾರೆ. ಭಾಗಾಕಾರದಲ್ಲಿ ತಪ್ಪಿಲ್ಲ. ಕಾನೂನಿನ ಪ್ರಕಾರ ಇಲ್ಲಿ ತಗೊಳ್ಳಬೇಕಾದ್ದು 1971ರ ಜನಗಣತಿ. ಆಗ ಕರ್ನಾಟಕದ ಜನಸಂಖ್ಯೆ 2,92,99,014. ಅದನ್ನು 224ರಿಂದ, ಆಮೇಲೆ 1,000ದಿಂದ ಭಾಗಿಸಿದರೆ 130.8. ಅರ್ಧಕ್ಕಿಂತ ಜಾಸ್ತಿ ಇರುವುದರಿಂದ 131. ಇದೇ ಲೆಕ್ಕದಲ್ಲಿ ಉತ್ತರ ಪ್ರದೇಶದ ಶಾಸಕರಿಗೆ 208, ಸಿಕ್ಕಿಂನವರಿಗೆ 7. ಈ ಲೆಕ್ಕ ಮಾಡಿದ ದಿನ ರಾಜ್ಯಶಾಸ್ತ್ರದ ಮಕ್ಕಳು ಬೆಂಚಿನ ತುದಿಗೆ ಬಂದು ಕೂರುತ್ತಾರೆ. ಇದು ತಮ್ಮದೇ ವಿಷಯ ಅಂತ ಅವರಿಗೆ ಅನ್ನಿಸುತ್ತದೆ. ನನಗೆ ಇಡೀ ಸೆಮಿಸ್ಟರಿನಲ್ಲಿ ತುಂಬಾ ಖುಷಿ ಕೊಡುವ ಗಂಟೆ ಅದು.

ಗ್ರಾಫ್

ಇಲ್ಲಿ ‘ಯಾವುದರ ಮೇಲೆ’ ಬೇಡ, ಪೆನ್ಸಿಲ್ ಬೇಕು. ಗ್ರಾಫ್ ಅಂದರೆ ಇಲ್ಲಿ ಚುಕ್ಕಿಗಳು ಮತ್ತು ಅವನ್ನು ಸೇರಿಸುವ ಗೆರೆಗಳು. ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಏಳು ಸೇತುವೆ ಇದ್ದವು. ಪ್ರತಿಯೊಂದನ್ನೂ ಒಂದೇ ಸಲ ದಾಟಿ ಊರು ಸುತ್ತಬಹುದೇ ಅನ್ನುವ ಪ್ರಶ್ನೆಗೆ ಆಯ್ಲರ್ ಎಂಬ ಗಣಿತಜ್ಞ ಉತ್ತರ ಕಂಡುಕೊಂಡ. ಆಗುವುದಿಲ್ಲ ಅನ್ನುವುದೇ ಉತ್ತರ. ಗ್ರಾಫ್ ಪಾಠ ಹುಟ್ಟಿದ್ದು ಅಲ್ಲಿ.

ನಮ್ಮ ಜಿಲ್ಲೆಯಲ್ಲಿ ಮಾಡಿ ನೋಡಿ. ಎಂಟು ಊರಿಗೆ ಎಂಟು ಚುಕ್ಕಿ ಇಡಿ. ಕಾರವಾರ–ಅಂಕೋಲಾ, ಅಂಕೋಲಾ–ಕುಮಟಾ, ಕುಮಟಾ–ಹೊನ್ನಾವರ, ಹೊನ್ನಾವರ–ಭಟ್ಕಳ ಗೆರೆ ಎಳೆಯಿರಿ. ಘಟ್ಟದ ದಾರಿ ಅಂಕೋಲಾ–ಯಲ್ಲಾಪುರ, ಕುಮಟಾ–ಶಿರಸಿ, ಹೊನ್ನಾವರ–ಸಿದ್ದಾಪುರ. ಮೇಲೆ ಶಿರಸಿ–ಯಲ್ಲಾಪುರ, ಶಿರಸಿ–ಸಿದ್ದಾಪುರ. ಒಟ್ಟು ಒಂಬತ್ತು ಗೆರೆ. ಪ್ರತಿ ಊರಿಗೆ ಎಷ್ಟು ಗೆರೆ ಸೇರುತ್ತದೆ ಎಣಿಸಿ. ಬೆಸ ಸಂಖ್ಯೆ ಇರುವ ಊರು ಆರು: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಶಿರಸಿ. ಬೆಸ ಊರು ಎರಡಕ್ಕಿಂತ ಜಾಸ್ತಿ ಇದ್ದರೆ ಪ್ರತಿ ರಸ್ತೆಯಲ್ಲಿ ಒಂದೇ ಸಲ ಹೋಗಿ ಮುಗಿಸಲು ಆಗುವುದಿಲ್ಲ. ಕಾರವಾರದಿಂದ ಕೈಗಾ ಮೇಲೆ ಯಲ್ಲಾಪುರಕ್ಕೆ ಹೋಗುವ ದಾರಿಯನ್ನೂ ಸೇರಿಸಿ ನೋಡಿ. ಆಗಲೂ ಆರೇ ಬೆಸ, ಆದರೆ ಕಾರವಾರ ಹೊರಗೆ ಹೋಗಿ ಯಲ್ಲಾಪುರ ಒಳಗೆ ಬಂದಿರುತ್ತದೆ.

ಈಗ ಅಂಕೋಲಾ–ಕುಮಟಾ ಗೆರೆ ಅಳಿಸಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಆ ಹೆದ್ದಾರಿ ನಿಜಕ್ಕೂ ಮುಚ್ಚಿತ್ತು. ಒಂದು ಗೆರೆ ಹೋದರೆ ಯಾವ ಊರು ಯಾವ ಊರಿಗೆ ಎಷ್ಟು ದೂರ ಆಗುತ್ತದೆ ಅಂತ ಆ ವರ್ಷದ ಮಕ್ಕಳಿಗೆ ನಾನು ಹೇಳಿಕೊಡಬೇಕಾಗಲಿಲ್ಲ.

ದಿನಾ ಏನು ಮಾಡಬೇಕು

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಶಬ್ದಗಳ ಪಟ್ಟಿ ಇಟ್ಟುಕೊಳ್ಳಿ. ಪ್ರಿನ್ಸಿಪಲ್ ಅಂದರೆ ಅಸಲು. ಮೀಡಿಯನ್ ಅಂದರೆ ಮಧ್ಯಾಂಕ. ಪರ್ಮ್ಯುಟೇಶನ್ ಅಂದರೆ ಕ್ರಮಯೋಜನೆ, ಕಾಂಬಿನೇಶನ್ ಅಂದರೆ ವಿಕಲ್ಪ. ಕನ್ನಡ ಮೀಡಿಯಂನಿಂದ ಬಂದವರು ಎಷ್ಟೋ ಸಲ ಲೆಕ್ಕ ಬರದೇ ಸೋಲುವುದಿಲ್ಲ, ಶಬ್ದ ಗೊತ್ತಾಗದೇ ಸುಮ್ನೆ ಕೂತುಬಿಡುತ್ತಾರೆ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಿದ್ದ. ಅವನ ಒಂದು ಗ್ರಂಥದ ಹೆಸರೇ ‘ವ್ಯವಹಾರಗಣಿತ’. ಈ ಭಾಷೆಯಲ್ಲಿ ಲೆಕ್ಕ ಯೋಚಿಸುವುದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಉತ್ತರದ ಅಂದಾಜು ಬರೆಯಿರಿ. ಅಭ್ಯಾಸಕ್ಕೆ ಮಳೆ ಒಳ್ಳೆಯದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮನೆಯ ಮಾಡು 100 ಚದರ ಮೀಟರ್ ಜಾಗ ಮುಚ್ಚಿದ್ದರೆ, 100 ಮಿ.ಮೀ. ಮಳೆ ಬಿದ್ದ ದಿನ ಹಂಚಿನಿಂದ ಇಳಿದುಹೋದ ನೀರು ಹತ್ತು ಸಾವಿರ ಲೀಟರ್. ಜುಲೈನಲ್ಲಿ ಪೇಪರಿನಲ್ಲಿ ಮಳೆ ಅಂಕಿ ನೋಡಿದ ದಿನವೆಲ್ಲ ಬಾಯಲ್ಲೇ ಈ ಲೆಕ್ಕ ಮಾಡಿ.

ಪರೀಕ್ಷೆಗೆ ಹಳೇ ಪ್ರಶ್ನೆಪತ್ರಿಕೆ ತಪ್ಪದೇ ಬಿಡಿಸಿ. ಉತ್ತರದ ಜೊತೆ ರೂಪಾಯಿಯೋ ಕಿಲೋನೋ ಬರೆಯದೇ ಬಿಡಬೇಡಿ. ಗೊತ್ತಾಗದ್ದನ್ನು ಅದೇ ವಾರ ಕೇಳಿ. ಕ್ಲಾಸಿನಲ್ಲಿ ಕೇಳಲು ಸಂಕೋಚವಾದರೆ ಸ್ಟಾಫ್ ರೂಮಿಗೆ ಹೋಗಿ. ಬಿ.ಎ. ಹುಡುಗರು ಲೆಕ್ಕ ಹಿಡಿದು ಬಾಗಿಲಲ್ಲಿ ನಿಂತರೆ ಯಾವ ಗಣಿತದ ಮೇಷ್ಟ್ರಿಗೂ ಖುಷಿಯೇ ಆಗುತ್ತದೆ.

ಮತ್ತೆ, ಬಡ್ಡಿ ಪಾಠ ಶುರುವಾಗುವ ದಿನ ಮನೆಯಿಂದ ಒಂದು ಸಾಲದ ಕಾಗದ ತನ್ನಿ. ಸೊಸೈಟಿಯದ್ದು, ಸಂಘದ್ದು, ಬೈಕಿನದ್ದು, ಯಾವುದಾದರೂ ಸರಿ. ಹೆಸರು, ಖಾತೆ ನಂಬರು ಕಾಣದ ಹಾಗೆ ಮಡಚಿಕೊಳ್ಳಿ. ದರ, ಕಂತು, ಅವಧಿ ಈ ಮೂರು ಸಾಲು ಕಂಡರೆ ಸಾಕು. ಮೂರು ಕಾಲಂ ಎಳೆದು ಶುರು ಮಾಡಿ.